ಹಿರೀಸಾವೆ ಅಕ್ಕನ ದನಿ

ಕಳೆದ ವಾರ ಅಕ್ಕ ನಮ್ಮ ವಾಟ್ಸಾಪ್ ಗುಂಪನ್ನು ಬಿಟ್ಟರು. ಹೇಳಿಯೇ ಬಿಟ್ಟರು. ತಾವು ಬಾಯಿ ತೆರೆಯುವ ಮೊದಲೇ ಬೇರೆ ಯಾರೋ ಸರಿಯಾದ ಮಾತು ಹೇಳಿ ಮುಗಿಸಿರುತ್ತಾರೆ, ಇನ್ನು ತಮಗೆ ಇಲ್ಲಿ ಕೆಲಸವಿಲ್ಲ, ಮನೆಯಲ್ಲಿ ಮೊಮ್ಮಗಳು ಅಂಬೆಗಾಲಿಡುತ್ತಿದ್ದಾಳೆ, ಅವಳ ಹಿಂದೆ ಓಡುವುದಕ್ಕೇ ಹೊತ್ತು ಸಾಲದು ಎಂದರು. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ನನಗೆ ಏನು ಕಳಿಸಬೇಕೆಂದು ತೋಚದೆ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಬದಲಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ನನಗೆ ಗೊತ್ತು. ಆದರೆ ನನ್ನ ಫೋನಿನಲ್ಲಿ ಅವರು ಮೊದಲಿನಿಂದಲೂ ‘ಹಿರೀಸಾವೆ ಅಕ್ಕ’. ಇಲ್ಲಿಯೂ ಹಾಗೇ ಇರಲಿ.

ಗುಂಪಿನ ಹೆಸರು ‘ಸೂಜಿ ಮಲ್ಲಿಗೆ’. ಹೊಸದಾಗಿ ಸೇರಿದವರು ಹೂವಿನ ವ್ಯಾಪಾರದವರದೇ ಎಂದು ಕೇಳುವುದುಂಟು. ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದು ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾದ ಮಕ್ಕಳ ಅಪ್ಪ ಅಮ್ಮಂದಿರ ಗುಂಪು ಅದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರು. ಹೊಲ ಗದ್ದೆ ಮಾಡುವವರು, ಕೂಲಿಗೆ ಹೋಗುವವರು, ನನ್ನಂಥ ಸಂಬಳದವರು. ಬೇರೆಡೆ ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯುತ್ತಿದ್ದರೋ ಇಲ್ಲವೋ, ಇಲ್ಲಿ ಮಾತ್ರ ಒಬ್ಬರ ಮಗುವಿನ ಸಕ್ಕರೆ ಇಳಿದರೆ ಇನ್ನೊಬ್ಬರ ಎದೆ ಹೊಡೆದುಕೊಳ್ಳುತ್ತಿತ್ತು.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಮೇದೋಜೀರಕ ಗ್ರಂಥಿಯ ಚಿತ್ರವನ್ನು ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಒಂಬತ್ತು ವರ್ಷದ ನನ್ನ ಮಗಳು ಇಂಚರ ಬಾಟಲಿಗಟ್ಟಲೆ ನೀರು ಕುಡಿಯುತ್ತ ಕಣ್ಣೆದುರೇ ಸೊರಗುತ್ತಿದ್ದಾಗ ಆ ಚಿತ್ರ ನೆನಪಿಗೆ ಬರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕಾಯಿಲೆಯ ಹೆಸರು ಹೇಳಿ, ಇದಕ್ಕೆ ಮಾತ್ರೆ ನಡೆಯುವುದಿಲ್ಲ, ಜೀವನಪೂರ್ತಿ ಸೂಜಿಯೇ ಎಂದಾಗ ನನ್ನ ಹೆಂಡತಿ ಸವಿತ ಗೋಡೆಗೆ ಒರಗಿ ನಿಂತುಬಿಟ್ಟಳು. ಅವತ್ತು ವರಾಂಡದಲ್ಲಿ ಪಕ್ಕ ಕೂತಿದ್ದ ಹಾಸನದ ಜಯಮ್ಮ ಎಂಬುವರು, ಅವರ ಮಗನಿಗೂ ಇದೇ, ನನ್ನ ನಂಬರು ಕೇಳಿ ಪಡೆದು ಗುಂಪಿಗೆ ಸೇರಿಸಿದರು.

ಸೇರಿದ ದಿನವೇ ನಾನು ಮೇಷ್ಟ್ರೆಂದು ಪರಿಚಯ ಹೇಳಿಕೊಂಡು ಉದ್ದನೆಯ ಪ್ರಶ್ನೆಪತ್ರಿಕೆ ಹಾಕಿದೆ. ಊಟಕ್ಕೆ ಎಷ್ಟು ಮುಂಚೆ, ರಾಗಿಮುದ್ದೆಯ ಗಾತ್ರವೆಷ್ಟು, ಸ್ಕೂಲಿನಲ್ಲಿ ಯಾರಿಗೆ ಹೇಳಬೇಕು, ಹೀಗೆ ನಂಬರು ಹಾಕಿ ಹನ್ನೆರಡು. ಉತ್ತರವಾಗಿ ರೆಕಾರ್ಡ್ ಮಾಡಿದ ಒಂದು ದನಿ ಬಂತು. ಹಿಂದೆ ಬಸ್ಸಿನ ಹಾರನ್ನು, ಕಾವಲಿಯ ಚುರ್ ಸದ್ದು. ನಡುವೆ ಒರಟಾದ, ಆದರೆ ಅವಸರವಿಲ್ಲದ ಹೆಂಗಸಿನ ದನಿ ಒಂದೇ ಒಂದು ಮಾತು ಕೇಳಿತು.

“ಮೇಷ್ಟ್ರೇ, ನೀವೂ ನಿಮ್ಮನೇರೂ ಉಂಡ್ರಾ?”

ನಾವು ಉಂಡಿರಲಿಲ್ಲ. ಅದನ್ನು ಕೇಳಿಸಿಕೊಂಡ ಮೇಲೆ ಸವಿತ ಎದ್ದು ಅನ್ನಕ್ಕಿಟ್ಟಳು.

ಅಕ್ಕ ಯಾವತ್ತೂ ಟೈಪ್ ಮಾಡಿದವರಲ್ಲ. ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ಅವರದೊಂದು ಸಣ್ಣ ಹೋಟೆಲು. ದೋಸೆ ಹೊಯ್ದು ಅದು ಬೇಯುವ ಹೊತ್ತಿನಲ್ಲಿ ಫೋನಿಗೆ ಮಾತಾಡುತ್ತಿದ್ದರು. ಹಾಗಾಗಿ ಅವರ ಯಾವ ಮಾತೂ ಒಂದು ದೋಸೆಗಿಂತ ಉದ್ದ ಇರುತ್ತಿರಲಿಲ್ಲ. ಉಳಿದದ್ದು ಇದ್ದರೆ, ಮಗುಚಿ ಹಾಕಿ ಬತ್ತೀನಿ ಎಂದು ನಿಲ್ಲಿಸಿ, ಮುಂದಿನ ದೋಸೆಗೆ ಮುಂದುವರಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಬಹಳ ಬಿಗಿ. ಯಾರಾದರೂ ಇನ್ಸುಲಿನ್ ಎಷ್ಟು ಯೂನಿಟ್ ಹಾಕಲಿ ಎಂದು ಕೇಳಿದರೆ, ಅದು ಡಾಕ್ಟರದ್ದು, ನನ್ನ ಕೇಳಬ್ಯಾಡಿ ಎಂದು ಅಲ್ಲಿಗೇ ಕಡಿದುಬಿಡುತ್ತಿದ್ದರು. ಚುಚ್ಚುವಾಗ ಮಗು ಅತ್ತರೆ ಏನು ಮಾಡಬೇಕು, ಅದನ್ನು ಕೇಳಿ, ಅದು ನನ್ನದು ಎನ್ನುತ್ತಿದ್ದರು. ಮಗು ಅತ್ತರೆ ಕೈ ಹಿಡಿದು ಅದುಮಬೇಡಿ, ಇವತ್ತು ಎಡಗಡೆಯೋ ಬಲಗಡೆಯೋ ಎಂದು ಅದನ್ನೇ ಕೇಳಿ. ಜಾಗ ಅದೇ ಆರಿಸಿದರೆ ಅರ್ಧ ಅಳು ಕಡಿಮೆ ಎಂದಿದ್ದರು. ನಾವು ಮಾಡಿ ನೋಡಿದೆವು. ಇಂಚರ ಮೂರು ನಿಮಿಷ ಯೋಚಿಸಿ ಎಡತೊಡೆ ಎಂದಳು. ಅಳಲಿಲ್ಲ.

ಹಂಗರಹಳ್ಳಿ ಕಡೆಯ ಒಬ್ಬ ತಾಯಿ, ಕೂಲಿ ಮಾಡುವವಳು, ಮನೆಯಲ್ಲಿ ಫ್ರಿಜ್ಜಿಲ್ಲ, ಬೇಸಿಗೆಯಲ್ಲಿ ಔಷಧಿ ಕೆಡುತ್ತದಲ್ಲ ಎಂದು ಸಂಕೋಚದಿಂದ ಕೇಳಿದ್ದಳು. ಅಕ್ಕ ಅವಳಿಗೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿಡುವುದನ್ನು ಹೇಳಿಕೊಟ್ಟರು. ಮರಳು ಒಣಗದಂತೆ ನೋಡಿಕೋ, ನಿನ್ನ ಡಾಕ್ಟರಿಗೂ ಒಂದು ಮಾತು ಕೇಳಿಕೋ ಎಂದರು. ಮಾರನೇ ದಿನ ಆಕೆ ಮಡಕೆಯ ಫೋಟೋ ಹಾಕಿದಳು. ಆ ವಾರ ಫ್ರಿಜ್ಜಿದ್ದ ಮನೆಯವರೂ ಕೆಲವರು, ಕರೆಂಟು ಹೋದರೆ ಇರಲಿ ಎಂದು ಮಡಕೆ ತಂದರು.

ಇನ್ನೊಬ್ಬ ತಾಯಿ ರಕ್ತದ ಸಕ್ಕರೆ ನೋಡುವ ಮೀಟರಿನ ನಂಬರನ್ನು ದಿನವೂ ಪರೀಕ್ಷೆಯ ಫಲಿತಾಂಶದಂತೆ ಹಾಕಿ ಅಳುತ್ತಿದ್ದಳು. ಅವಳಿಗೆ ಅಕ್ಕ ಹೇಳಿದ್ದು ಇದು: “ಅದು ಮಾರ್ಕ್ಸ್ ಕಾರ್ಡಲ್ಲ ಕಣವ್ವ. ರೋಡ್ ಪಕ್ಕದ ಮೈಲಿಗಲ್ಲು. ಎಲ್ಲಿದೀವಿ ಅಂತ ಯೋಳ್ತದೆ, ಅಷ್ಟೆ. ಮೈಲಿಗಲ್ಲು ನೋಡಿ ಯಾರಾರ ಅಳ್ತಾರಾ?”

ಆದರೆ ಅವರ ಸ್ವಂತ ಸಂಗತಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮಗುವಿಗೆ ಎಷ್ಟು ವಯಸ್ಸು ಅಕ್ಕಾ ಎಂದು ಯಾರಾದರೂ ಕೇಳಿದರೆ, ನಮ್ಮನೇದು ದೊಡ್ಡದು ಎಂದು ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು. ಮಗಳಿರಬೇಕು, ಮದುವೆಯ ವಯಸ್ಸಿನವಳಿರಬೇಕು, ಅದಕ್ಕೇ ಗುಟ್ಟು ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಈಗ ನಾನು ನನ್ನ ತಪ್ಪನ್ನು ಹೇಳಬೇಕು.

ಇಂಚರಳಿಗೆ ಸೂಜಿ ಶುರುವಾಗಿ ಐದು ತಿಂಗಳಾಗಿತ್ತು. ಮಲ್ಲಿಪಟ್ಟಣದ ಹತ್ತಿರ ನಮ್ಮ ಊರು. ಅಲ್ಲಿ ನನ್ನ ಅವ್ವ ಇದ್ದಾಳೆ. ಮೊಮ್ಮಗಳ ತೊಡೆಯ ಮೇಲಿನ ಚುಕ್ಕೆಗಳನ್ನು ನೋಡಲಾರದೆ ಅವ್ವ ಯಾರೋ ಒಬ್ಬನ ಹತ್ತಿರ ಬೇರಿನ ಪುಡಿ ತಂದಿದ್ದಳು. ಪುಡಿ ಕುಡಿಸುವಾಗ ಸೂಜಿ ಇರಬಾರದು, ಇದ್ದರೆ ಪುಡಿ ಹಿಡಿಯುವುದಿಲ್ಲ ಎಂದು ಅವನ ಷರತ್ತು. ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅವ್ವನ ಮುಖ ನೋಡಿ ಒಪ್ಪಿದೆ ಎಂದು ಆಗ ಎಲ್ಲರಿಗೂ ಹೇಳಿದ್ದೆ. ನಿಜ ಹೇಳುವುದಾದರೆ ನನಗೇ ಆಸೆಯಾಗಿತ್ತು. ಸವಿತಳನ್ನು ನಾನೇ ಒಪ್ಪಿಸಿದೆ. ದಸರಾ ರಜೆಯಲ್ಲಿ ಊರಿಗೆ ಹೋಗಿ ಎರಡು ದಿನ ಸೂಜಿ ನಿಲ್ಲಿಸಿದೆವು.

ಮೂರನೇ ದಿನ ಬೆಳಿಗ್ಗೆ ಇಂಚರ ವಾಂತಿ ಮಾಡತೊಡಗಿದಳು. ಹಿಂದಿನ ದಿನದ ಹೋಳಿಗೆ ಜೀರ್ಣವಾಗಿಲ್ಲ ಎಂದಳು ಅವ್ವ. ನಾನು ಗುಂಪಿನಲ್ಲಿ, ಮಗುವಿಗೆ ಅಜೀರ್ಣ, ವಾಂತಿಗೆ ಏನು ಕೊಡಬಹುದು ಎಂದು ಬರೆದೆ. ಎರಡು ನಿಮಿಷಕ್ಕೆ ಅಕ್ಕ ನೇರವಾಗಿ ಫೋನ್ ಮಾಡಿದರು. ಅವರು ಫೋನ್ ಮಾಡಿದ್ದು ಅದೇ ಮೊದಲು.

ಮಗಳ ಬಾಯಿ ಮೂಸಿ ನೋಡಿ ಎಂದರು. ಮೂಸಿದೆ. ಕೊಳೆಯುತ್ತಿರುವ ಹಣ್ಣಿನಂಥ ವಾಸನೆ. ಉಸಿರು ಹೇಗಿದೆ ಎಂದರು. ಆಳವಾಗಿ, ಓಡಿ ಬಂದವಳಂತೆ ಎಳೆಯುತ್ತಿದ್ದಳು. ಸೂಜಿ ತಪ್ಪಿದೆಯಾ ಎಂದರು. ಇಲ್ಲ ಎಂದೆ. ಆ ಕಡೆ ಬಸ್ಸೊಂದು ಹೋದ ಸದ್ದು. ಮತ್ತೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದರು. ಎರಡನೇ ಸಲ ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ನಿಲ್ಲಿಸಿ ಎರಡು ದಿನವಾಯಿತು ಅಕ್ಕಾ ಎಂದೆ.

“ಸರಿ. ಬಯ್ಯೋಕೆ ಆಮೇಲೂ ಟೈಮೈತೆ,” ಎಂದರು. “ಈಗ ಮಗೀನ ಎತ್ಕಂಡು ಆಸನಕ್ಕೆ ಒಲ್ಡಿ. ಬಟ್ಟೆಗಿಟ್ಟೆ ಉಡುಕ್ಕಂಡು ನಿಂತ್ಕಬ್ಯಾಡಿ. ಗಾಡೀಲಿ ಕುಂತ ಮ್ಯಾಲೆ ಡಾಕ್ಟ್ರಿಗೆ ಫೋನ್ ಆಕಿ, ನಂಗೆ ಯೋಳ್ದಂಗೇ ನಿಜ ಯೋಳಿ.”

ತಮ್ಮನ ಕಾರಿನಲ್ಲಿ ಹೊರಟೆವು. ಡಾಕ್ಟರೊಂದಿಗೆ ಮಾತು ಮುಗಿಯುತ್ತಿದ್ದಂತೆ ಅಕ್ಕ ಮತ್ತೆ ಫೋನ್ ಮಾಡಿ, ಹಾಸನ ಮುಟ್ಟುವವರೆಗೂ ಇಡಲಿಲ್ಲ. ಮಗು ಕಣ್ಣು ಬಿಟ್ಟಿದೆಯಾ, ಕರೆದರೆ ಓಗೊಡುತ್ತಾ ಎಂದು ಕೇಳುತ್ತಿದ್ದರು. ನಡುನಡುವೆ ಗಿರಾಕಿಗಳಿಗೆ, ಇವತ್ತು ದೋಸೆ ಇಲ್ಲ, ಇಡ್ಲಿ ಅಷ್ಟೆ ಎಂದು ಹೇಳುವುದು ಕೇಳಿಸುತ್ತಿತ್ತು. ಸವಿತ ಹಿಂದಿನ ಸೀಟಿನಲ್ಲಿ ಇಂಚರಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಜಯಮ್ಮ ನಿಂತಿದ್ದರು. ಅಕ್ಕ ಅವರಿಗೂ ಹೇಳಿದ್ದರು. ಒಳಗೆ ಮಾತಾಡಿ, ಹಾಸಿಗೆ ಸಿದ್ಧ ಮಾಡಿಸಿ, ಗಾಲಿಯ ಮಂಚವನ್ನು ಹೊರಗೇ ತರಿಸಿದ್ದರು. ಇನ್ನು ಒಂದೆರಡು ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಮೂರನೇ ದಿನ ಇಂಚರ ಎದ್ದು ಕೂತು ಉಪ್ಪಿಟ್ಟು ಕೇಳಿದಳು.

ಅಕ್ಕ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮಗ ಏನ್ ತಿಂತು ಎಂದು ದಿನವೂ ಕೇಳಿದರು, ಅಷ್ಟೆ. ಮನೆಗೆ ಬಂದ ಮೇಲೆ ಒಂದು ದಿನ ನನಗೊಬ್ಬನಿಗೇ ಒಂದು ದನಿ ಕಳಿಸಿದರು.

“ಮೇಷ್ಟ್ರೇ, ನಾ ಬಯ್ಯಾಕಿಲ್ಲ. ಆದ್ರೆ ನಡೆದಿದ್ನ ಗುಂಪಲ್ಲಿ ನೀವೇ ಒಂದ್ಸಲ ಯೋಳ್ಬೇಕು. ಓದಿರೋರು, ಪಾಠ ಮಾಡೋರು ನೀವೇ ಇಂಗ್ ಮಾಡಿದ್ರಿ ಅಂದ್ರೆ, ಪುಡಿ ತಂದು ಮಡೀಕ್ಕಂಡಿರೋ ಮಿಕ್ಕೋರ್ಗೆ ಬಾಯ್ ಬತ್ತದೆ.”

ಎರಡು ದಿನ ನನ್ನ ಮಾನದ ಜೊತೆ ಗುದ್ದಾಡಿದೆ. ಮೂರನೇ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಪಿರಿಯಡ್ಡಿನಲ್ಲಿ ಕೂತು ನಡೆದದ್ದನ್ನೆಲ್ಲ ಬರೆದು ಕಳಿಸಿದೆ. ಯಾರೂ ಛೀಮಾರಿ ಹಾಕಲಿಲ್ಲ. ಸಂಜೆಯೊಳಗೆ ನಾಲ್ಕು ಜನ ನನಗೆ ಬೇರೆಯಾಗಿ ಬರೆದರು: ಸಾ, ನಮ್ಮ ಮನೆಯಲ್ಲೂ ಪುಡಿ ಇದೆ. ಅಕ್ಕ ಆಗ ಗುಂಪಿಗೆಲ್ಲ ಕೇಳುವಂತೆ ಒಂದು ಮಾತು ಹೇಳಿದರು. ಇನ್ಸುಲಿನ್ ಅನ್ನುವುದು ಊಟದ ಎಲೆ ಇದ್ದ ಹಾಗೆ, ಎಲೆ ಹಾಕದೆ ಯಾರಾದರೂ ಅನ್ನ ಬಡಿಸುತ್ತಾರಾ ಎಂದು. ಇಷ್ಟು ವರ್ಷ ನಾನು ಮಾಡಿದ ಪಾಠ ಈ ಒಂದು ಮಾತಿಗೆ ಸಮವಲ್ಲ. ಈಗ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ನಡೆದದ್ದು ಬೇರೆ.

ಚನ್ನರಾಯಪಟ್ಟಣದ ಒಬ್ಬ ತಂದೆ ಹೊಸದಾಗಿ ಸೇರಿದ್ದ. ಮಗಳಿಗೆ ಆರು ವರ್ಷ. ಈ ಮಕ್ಕಳು ಎಷ್ಟು ವರ್ಷ ಬದುಕುತ್ತಾರೆ ಎಂದು ನೇರವಾಗಿ ಕೇಳಿಬಿಟ್ಟ. ನಾವೆಲ್ಲರೂ ದಿನಾ ಮನಸ್ಸಿನಲ್ಲಿ ಕೇಳಿಕೊಂಡು ಯಾರೂ ಬರೆಯದೆ ಇದ್ದ ಪ್ರಶ್ನೆ ಅದು. ಯಾರೋ ಒಬ್ಬ, ಎಲ್ಲಿಂದಲೋ ಬಂದ ಸಂದೇಶವನ್ನು ಹಿಂದುಮುಂದು ನೋಡದೆ ಹಾಕಿದ. ಇಂಥವರು ಮೂವತ್ತು ದಾಟುವುದು ಅಪರೂಪ ಎಂದಿತ್ತು ಅದರಲ್ಲಿ. ಆ ಮಧ್ಯಾಹ್ನವೆಲ್ಲ ಎಲ್ಲರೂ ಅಕ್ಕನ ದನಿಗೆ ಕಾದೆವು. ಬರಲಿಲ್ಲ. ಮಾರನೇ ಬೆಳಿಗ್ಗೆ ನೋಡಿದರೆ ಅವರು ಗುಂಪನ್ನೇ ಬಿಟ್ಟಿದ್ದರು. ಫೋನೂ ಆಫ್.

ಅವರ ಮಗಳಿಗೆ ಏನೋ ಆಗಿದೆ ಎಂದೇ ಎಲ್ಲರ ಎಣಿಕೆ. ಸವಿತ ಎರಡು ದಿನ ಕಾದಳು. ಮೂರನೇ ದಿನ, ಅವತ್ತು ಅವರು ನಮ್ಮ ಫೋನ್ ಇಡಲಿಲ್ಲ, ಇವತ್ತು ನೀವು ಇಲ್ಲಿ ಕೂತಿರುವುದು ಸರಿಯಲ್ಲ ಎಂದಳು. ಹೊರಟೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹಿರೀಸಾವೆಯಲ್ಲಿ ಇಳಿದಾಗ ಹತ್ತೂವರೆ. ರಸ್ತೆಯ ಎರಡೂ ಬದಿಗೆ ಹೋಟೆಲುಗಳು. ಯಾರನ್ನೆಂದು ಕೇಳುವುದು? ಆಗಿನ್ನೂ ಹೆಸರು ಗೊತ್ತಿರಲಿಲ್ಲ, ಮುಖ ಕಂಡಿರಲಿಲ್ಲ. ಪಂಕ್ಚರ್ ಅಂಗಡಿಯ ಮುದುಕನ ಮುಂದೆ ನಿಂತು ಅಕ್ಕನ ಹಳೆಯ ದನಿಯೊಂದನ್ನು ಫೋನಿನಲ್ಲಿ ಕೇಳಿಸಿದೆ. ಆತ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಅದೋ ಆ ನೀಲಿ ಶೀಟಿನದು ಎಂದು ಕೈ ತೋರಿಸಿದ.

ಹೋಟೆಲು ತೆರೆದಿತ್ತು. ಕಾವಲಿಯ ಮುಂದೆ ಐವತ್ತು ದಾಟಿದ, ದಪ್ಪ ಕನ್ನಡಕದ, ಸಣಕಲು ಹೆಂಗಸು. ಅಷ್ಟು ಗಟ್ಟಿ ದನಿ ಅಷ್ಟು ಚಿಕ್ಕ ಮೈಯಿಂದ ಬರುತ್ತಿತ್ತೆಂದು ನಂಬಲಾಗಲಿಲ್ಲ. ಅಕ್ಕಾ ಎಂದೆ, ಅಷ್ಟೇ. ಅವರು ಸಟ್ಟುಗ ಹಿಡಿದುಕೊಂಡೇ ತಿರುಗಿದರು.

“ಇಂಚರನ ಅಪ್ಪಾರು ಅಲ್ವಾ? ಮಗ ಉಸಾರಾಗೈತಾ?”

ಹುಷಾರಾಗಿದ್ದಾಳೆ, ನಿಮ್ಮ ಮಗಳು ಹೇಗಿದ್ದಾಳೆಂದು ಕೇಳಲು ಬಂದೆ ಎಂದೆ. ಅವರು ಬೆಂಚು ತೋರಿಸಿದರು. ತಿಂಡಿಯ ಗಿರಾಕಿಗಳು ಕರಗಿದ ಮೇಲೆ ಎರಡು ತಟ್ಟೆ ಇಟ್ಟರು. ಆಮೇಲೆ ಸ್ಟೀಲ್ ಡಬ್ಬಿಯೊಂದನ್ನು ತೆಗೆದು, ಒಂದು ಕ್ಷಣ ನನ್ನ ಮುಖ ನೋಡಿ, ಗೋಡೆಗೆ ತಿರುಗಿ, ಸೆರಗು ಸರಿಸಿ ಸೊಂಟದ ಪಕ್ಕಕ್ಕೆ ಸೂಜಿ ಚುಚ್ಚಿಕೊಂಡರು. ಸವಿತ ಇಂಚರಳಿಗೆ ಮಾಡುವಂತೆಯೇ ಚುಚ್ಚಿ, ಹತ್ತು ಎಣಿಸಿ, ತೆಗೆದರು.

ಮನೆಯ ‘ದೊಡ್ಡದು’ ಅವರೇ ಆಗಿದ್ದರು.

ಅವರು ಊಟ ಮಾಡುತ್ತ ಹೇಳಿದರು. ಹನ್ನೊಂದನೇ ವಯಸ್ಸಿಗೆ ಬಂದದ್ದು. ಆಗ ಮೀಟರಿಲ್ಲ. ಅವರ ಅಪ್ಪ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚುಚ್ಚುತ್ತಿದ್ದರಂತೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ನಾಲ್ಕು ಹನಿ ಮೂತ್ರ ಬಿಟ್ಟು, ಸೀಮೆಎಣ್ಣೆ ಬುಡ್ಡಿಗೆ ಹಿಡಿಯುವುದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಅವತ್ತೆಲ್ಲ ಅಪ್ಪ ನಗುನಗುತ್ತ ಇರುತ್ತಿದ್ದರು. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅಪ್ಪ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅದೇ ಪ್ರಯೋಗವನ್ನು ನಾನು ಲ್ಯಾಬಿನಲ್ಲಿ ಮಾಡಿಸುತ್ತೇನೆ ಎಂದೆ. ನಿಮ್ಮ ಹುಡುಗರಿಗೆ ಅದು ಬಣ್ಣ, ನಮಗೆ ಅದು ಪಂಚಾಂಗ ಎಂದರು.

ಮದುವೆಗೆ ಮುಂಚೆ ಯಾರಿಗೂ ಹೇಳಬೇಡ ಎಂದು ಅಪ್ಪ ಮಾತು ತೆಗೆದುಕೊಂಡಿದ್ದರು. ಗಂಡನಿಗೆ ಎರಡನೇ ವಾರವೇ ಗೊತ್ತಾಯಿತು. ಆತ ಕೂಗಾಡಲಿಲ್ಲ, ಅವ್ವನಿಗೆ ಮಾತ್ರ ಗೊತ್ತಾಗುವುದು ಬೇಡ ಎಂದ. ಅತ್ತೆ ಇರುವವರೆಗೂ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಚುಚ್ಚಿಕೊಂಡರು. ಬಸುರಿಯಾದಾಗಲೂ ಹಾಗೇ. ಈಗ ಮಗನಿಗೆ ಹೆಣ್ಣು ನೋಡಿ, ಮಾತು ಒಂದು ಹಂತಕ್ಕೆ ಬಂದಿತ್ತು. ತಾಯಿಗೆ ಚಿಕ್ಕಂದಿನಿಂದ ಇಂಥ ಕಾಯಿಲೆ ಎಂದು ಗೊತ್ತಾದರೆ ಆ ಕಡೆಯವರು ಹಿಂದೆ ಸರಿಯಬಹುದು.

“ಆ ಅಣ್ಣ ಅಂಗ್ ಕೇಳ್ದಾಗ ನಾ ನಿಜ ಯೋಳ್ಬೇಕಾಗಿತ್ತು,” ಎಂದರು. “ಯೋಳಿದ್ರೆ ನನ್ನ ಮಗನ ಮದ್ವೆ. ಯೋಳ್ದಿದ್ರೆ ಆ ಮಗೀನ ಅಪ್ಪ. ಎರಡೂ ಆಗ್ಲಿಲ್ಲ ಕಣ್ ಮೇಷ್ಟ್ರೇ. ಅದ್ಕೇ ಎದ್ದು ಬಂದ್ಬುಟ್ಟೆ.”

ನೀವು ಹೇಳಲೇಬೇಕು ಎನ್ನುವ ಅಧಿಕಾರ ನನಗಿರಲಿಲ್ಲ. ನನ್ನ ಮಾನದ ಪ್ರಶ್ನೆ ಎರಡು ದಿನದ್ದು; ಅವರದು ನಲವತ್ತು ವರ್ಷದ್ದು. ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಆದರೆ ಅವರು ಎದುರಿಗೆ ಕೂತು, ನುಗ್ಗೆಕಾಯಿ ಅಗಿಯುತ್ತ, ಸಾರು ಸಾಲದೇ ಎಂದು ಗದರಿಸುವುದನ್ನು ನೋಡುತ್ತ ನನ್ನೊಳಗೆ ಒಂದು ವರ್ಷದಿಂದ ಬಿಗಿದಿದ್ದದ್ದೇನೋ ಸಡಿಲವಾಯಿತು. ತಟ್ಟೆಯ ಮೇಲೆ ತಲೆ ಬಗ್ಗಿಸಿದೆ. ಅವರು ನೋಡಿಯೂ ನೋಡದವರಂತೆ ಮಜ್ಜಿಗೆ ತರಲು ಎದ್ದುಹೋದರು.

ಮನೆಗೆ ಬಂದು ಸವಿತಳಿಗೆ, ಅವರ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದಷ್ಟೇ ಹೇಳಿದೆ. ಅಷ್ಟನ್ನೇ ಗುಂಪಿನಲ್ಲೂ ಬರೆದೆ. ಸವಿತಳಿಂದ ಮುಚ್ಚಿಡುವುದು ಸುಲಭವಾಗಿರಲಿಲ್ಲ.

ನಾನು ಹೋಗಿಬಂದ ನಾಲ್ಕನೇ ದಿನ ಅಕ್ಕ ಗುಂಪಿಗೆ ಮರಳಿದರು. ಗಂಡನನ್ನೂ ಮಗನನ್ನೂ ಕೂರಿಸಿಕೊಂಡು ಮಾತಾಡಿದರಂತೆ. ಮಗನೇ, ಹೇಳವ್ವ ಎಂದನಂತೆ. ಬೆಳಗಿನ ತಿಂಡಿಯ ಹೊತ್ತಿಗೆ ಅವರ ದನಿ ಬಂತು. ಹಿಂದೆ ಅದೇ ಬಸ್ಸು, ಅದೇ ಕಾವಲಿ.

“ಚನ್ರಾಯಪಟ್ಣದ ಅಣ್ಣ ಕೇಳಿದ್ರಲ್ಲ, ಅವ್ರಿಗೆ ಯೋಳ್ತಾ ಇದೀನಿ. ನಮ್ಮನೇಲಿ ಸೂಜಿ ಚುಚ್ಕಳೋಳು ನಾನೇಯ. ಅನ್ನೊಂದ್ನೇ ವರ್ಸಕ್ಕೆ ಸುರುವಾಗಿದ್ದು. ಈಗ ನಂಗೆ ಐವತ್ಮೂರು. ಒಂದು ಮಗೀನ ಎತ್ತಿದೀನಿ, ದಿನಾ ಬೆಳಿಗ್ಗೆ ನಾಕ್ ಗಂಟೆಗೆ ಎದ್ದು ಹಿಟ್ಟು ರುಬ್ಬುತೀನಿ. ಮಿಕ್ಕಿದ್ ಲೆಕ್ಕ ನೀವೇ ಆಕ್ಕಳಿ.”

ಮಧ್ಯಾಹ್ನ ಚನ್ನರಾಯಪಟ್ಟಣದ ಆ ತಂದೆಯ ಒಂದೇ ಸಾಲು ಬಂತು. ಮಗಳನ್ನು ಕರೆದುಕೊಂಡು ಹಿರೀಸಾವೆಗೆ ಬರುತ್ತೇನೆ, ಅವಳು ನಿಮ್ಮನ್ನು ನೋಡಬೇಕು ಎಂದು. ಅವನೊಬ್ಬನೇ ಅಲ್ಲ, ಆ ಬೇಸಿಗೆಯಲ್ಲಿ ಎಷ್ಟೋ ಜನ ಮಕ್ಕಳನ್ನು ಕರೆದುಕೊಂಡು ಆ ನೀಲಿ ಶೀಟಿನ ಹೋಟೆಲಿಗೆ ದೋಸೆ ತಿನ್ನಲು ಹೋದರು. ಅಕ್ಕನೂ ಮಕ್ಕಳೂ ಒಂದೇ ಬೆಂಚಿನ ಮೇಲೆ ಸಾಲಾಗಿ ಕೂತು, ಗೋಡೆಗೆ ತಿರುಗದೆ, ಚುಚ್ಚಿಕೊಂಡು ಉಂಡರು.

ಆ ಸಂಬಂಧ ತಪ್ಪಿತು. ಅವರು ಹೆದರಿದಂತೆಯೇ ಹೆಣ್ಣಿನ ಕಡೆಯವರು ಹಿಂದೆ ಸರಿದರು. ನಾನು ಸಂಕಟದಿಂದ ಫೋನ್ ಮಾಡಿದಾಗ, ಓದ್ರೆ ಓಗ್ಲಿ ಮೇಷ್ಟ್ರೇ, ಮದುವೆಯಾದ ಮೇಲೆ ಗೊತ್ತಾಗಿದ್ದರೆ ಆ ಹುಡುಗಿಯೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಬಾಳಬೇಕಾಗಿತ್ತು ಎಂದರು. ಮರುವರ್ಷ ಅರಕಲಗೂಡಿನ ಕಡೆಯ ಹುಡುಗಿಯೊಂದು, ಎಲ್ಲ ಗೊತ್ತಿದ್ದೇ, ಆ ಮನೆ ತುಂಬಿತು. ಮದುವೆಗೆ ನಾವು ಮೂವರೂ ಹೋಗಿದ್ದೆವು. ಪಂಕ್ತಿಯಲ್ಲಿ ಇಂಚರ ಅಕ್ಕನ ಪಕ್ಕವೇ ಕೂತಿದ್ದಳು.

ಅಕ್ಕನ ದನಿ ಬಂದ ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳದೆ ಇದು ಮುಗಿಯುವುದಿಲ್ಲ. ಸವಿತ ರೊಟ್ಟಿ ತಟ್ಟುತ್ತಿದ್ದಳು. ಮೊದಲ ಸಲ ಕೇಳಿ ಒಲೆ ಆರಿಸಿದಳು. ಎರಡನೇ ಸಲ ಕೇಳಿ ಅಲ್ಲೇ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಇಂಚರ ಬೆರಳು ಮಡಿಚಿ ಎಣಿಸಿ, ಅಕ್ಕನಿಗೆ ಸೂಜಿ ಶುರುವಾಗಿ ನಲವತ್ತೆರಡು ವರ್ಷ ಆಯ್ತು ಕಣಮ್ಮ, ನನಗೆ ಒಂದೇ ಆಗಿರೋದು ಎಂದು ಹೇಳಿ, ಆಡಲು ಹೊರಗೆ ಓಡಿದಳು. ಸವಿತ ಅತ್ತಳು. ಆಸ್ಪತ್ರೆಯ ಗೋಡೆಗೆ ಒರಗಿದ ದಿನದಿಂದ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಆ ಬೇಸಿಗೆ ಕಳೆದು ಜೂನ್ ಬಂತು. ಶಾಲೆಯ ಹೊಸ ಯೂನಿಫಾರ್ಮಿಗೆ ಅಳತೆ ಕೊಡಲು ಪೇಟೆಗೆ ಹೋಗಿದ್ದೆವು. ಟೈಲರ್ ಲಂಗದ ಉದ್ದ ಬರೆದುಕೊಳ್ಳುತ್ತಿದ್ದ. ಸವಿತ ಅವನನ್ನು ತಡೆದಳು.

“ಕೆಳಗೆ ಇನ್ನೂ ಮೂರು ಇಂಚು ಒಳಗೆ ಮಡಿಚಿ ಹೊಲೀರಿ,” ಎಂದಳು. “ಬೆಳೀತಾಳೆ. ಬಿಚ್ಕೋಬೇಕಾಗುತ್ತೆ.”